ಗೆಣಸೋ, ಆಲೂಗಡ್ಡೆಯೋ? ನಮ್ಮ ತಾಟಿನಲ್ಲೇ ಹೋಲಿಸಿ ನೋಡುವ ಬಗೆ

ಶಿವರಾತ್ರಿ ಹತ್ತಿರ ಬಂದರೆ ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಗೆಣಸಿನ ರಾಶಿಗಳು ಕಾಣಿಸುತ್ತವೆ. ಉಪವಾಸಕ್ಕೆ ಕುದಿಸಲು ಗೆಣಸು, ಸಾಬೂದಾಣಿ ಖಿಚಡಿಗೆ ಆಲೂಗಡ್ಡೆ. ಎರಡೂ ಒಂದೇ ಚೀಲದಲ್ಲಿ ಮನೆಗೆ ಬರುತ್ತವೆ. ಜತೆಗೆ ಒಂದು ಮಾತೂ ಬರುತ್ತದೆ: "ಗೆಣಸು ಎಷ್ಟು ಬೇಕಾದ್ರೂ ತಿನ್ರಿ, ಆಲೂಗಡ್ಡಿ ಮಾತ್ರ ಮುಟ್ಟಬ್ಯಾಡ್ರಿ, ಶುಗರ್ ಏರ್ತದ."

ಈ ಮಾತನ್ನು ನಂಬಿ ಶುಗರ್ ಇದ್ದವರು ಒಂದೇ ಸಲಕ್ಕೆ ಎರಡು-ಮೂರು ಗೆಣಸು ತಿನ್ನುತ್ತಾರೆ. ಮಕ್ಕಳಿಗೆ ಕಣ್ಣಿಗೆ ಒಳ್ಳೆಯದು ಅಂತ ಬಿಳಿ ಗೆಣಸು ಕೊಟ್ಟು, ಗಜ್ಜರಿ ಮತ್ತು ತಪ್ಪಲು ಪಲ್ಯ ಬಿಟ್ಟುಬಿಡುತ್ತಾರೆ. ನನಗೆ ಚಿಂತೆ ಇರುವುದು ಇಲ್ಲೇ. ಮೊಬೈಲಿನಲ್ಲಿ ಓಡಾಡುವ ಹೋಲಿಕೆಗಳಲ್ಲಿ ಬಹಳಷ್ಟು ಅಮೆರಿಕದ ಕಿತ್ತಳೆ ಬಣ್ಣದ ಗೆಣಸಿನ ಲೆಕ್ಕ ಇರುತ್ತದೆ. ನಮಗೆ ಸಿಗುವ ಗೆಣಸು ಬೇರೆ, ನಾವು ಬೇಯಿಸುವ ರೀತಿ ಬೇರೆ, ಜತೆಗೆ ತಿನ್ನುವ ರೊಟ್ಟಿ, ಅನ್ನವೂ ಬೇರೆ. ಹಾಗಾಗಿ ಲೆಕ್ಕವನ್ನು ನಮ್ಮ ಅಡುಗೆಮನೆಯಲ್ಲೇ ಮಾಡಬೇಕು. ಅದನ್ನು ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಗೆಣಸನ್ನು ಕೊಯ್ದು ಒಳಗಿನ ಬಣ್ಣ ನೋಡಿ

ಸಿಪ್ಪೆಯ ಬಣ್ಣ ನೋಡಿ ಮೋಸ ಹೋಗಬೇಡಿ. ನಮ್ಮ ಮಾರ್ಕೆಟ್‌ಗೆ ಬರುವ ಗೆಣಸಿನ ಸಿಪ್ಪೆ ಸಾಮಾನ್ಯವಾಗಿ ಕೆಂಪಗೆ ಇರುತ್ತದೆ. ಒಳಗಿನ ತಿರುಳು ಮಾತ್ರ ಬಿಳಿ ಅಥವಾ ಕೆನೆಯ ಬಣ್ಣ. ಪೋಷಣೆಯ ದೊಡ್ಡ ವ್ಯತ್ಯಾಸ ಇರುವುದು ಈ ತಿರುಳಿನ ಬಣ್ಣದಲ್ಲಿ.

ಕಿತ್ತಳೆ ತಿರುಳಿನ ಗೆಣಸಿನಲ್ಲಿ ಬೀಟಾ ಕ್ಯಾರೋಟಿನ್ ತುಂಬಿರುತ್ತದೆ. ನಮ್ಮ ದೇಹ ಅದನ್ನು ವಿಟಮಿನ್ ಎ ಆಗಿ ಮಾಡಿಕೊಳ್ಳುತ್ತದೆ. ಅಂಥ ಗೆಣಸಿನ 100 ಗ್ರಾಂನಲ್ಲಿ ಸುಮಾರು 700 ಮೈಕ್ರೋಗ್ರಾಂ ವಿಟಮಿನ್ ಎ ಸಿಗುತ್ತದೆ. ಬೆಳೆದ ಹೆಣ್ಣುಮಗಳಿಗೆ ದಿನಕ್ಕೆ ಬೇಕಾಗುವುದು 840 ಮೈಕ್ರೋಗ್ರಾಂ. ಅಂದರೆ ಒಂದು ಮಧ್ಯಮ ಗಾತ್ರದ ಗೆಣಸಿನಲ್ಲೇ ದಿನದ ಪಾಲು ಹೆಚ್ಚುಕಮ್ಮಿ ಮುಗಿಯಿತು. ಬಿಳಿ ತಿರುಳಿನ ಗೆಣಸಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಆಲೂಗಡ್ಡೆಯಲ್ಲೂ ಇಲ್ಲ. ವಿಟಮಿನ್ ಎ ವಿಷಯದಲ್ಲಿ ಬಿಳಿ ಗೆಣಸು ಮತ್ತು ಆಲೂಗಡ್ಡೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಕಿತ್ತಳೆ ಗೆಣಸಿನ ಬೆಲೆ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಮಾತು. ಆಫ್ರಿಕಾದಲ್ಲಿ ವಿಟಮಿನ್ ಎ ಕೊರತೆಯಿಂದ ಮಕ್ಕಳ ಕಣ್ಣು ಹಾಳಾಗುತ್ತಿದ್ದ ಕಡೆ ಈ ಗೆಣಸನ್ನು ಬೆಳೆಸಿ ಹಂಚಿದ ಕೆಲಸಕ್ಕಾಗಿ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತು. ನಮ್ಮ ದೇಶದಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಸೋನಾ' ಎಂಬ ಕಿತ್ತಳೆ ತಳಿ ಮತ್ತು 'ಭೂ ಕೃಷ್ಣ' ಎಂಬ ನೇರಳೆ ತಳಿಯನ್ನು ಹೊರತಂದಿದೆ. ನೀರಾವರಿ ಇರುವ ನಮ್ಮ ರೈತರು ನಾಲ್ಕು ಸಾಲಾದರೂ ಭೂ ಸೋನಾ ಹಾಕಿದರೆ ಎಷ್ಟು ಚೆನ್ನ ಅಂತ ನನಗೆ ಅನ್ನಿಸುತ್ತದೆ. ಮನೆಯ ಮಕ್ಕಳಿಗೇ ಆದರೂ ಸಾಕು.

ಕಿತ್ತಳೆ ಗೆಣಸು ಸಿಕ್ಕರೆ ಅದನ್ನು ಒಣಒಣ ತಿನ್ನಬೇಡಿ. ಬೀಟಾ ಕ್ಯಾರೋಟಿನ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಅರ್ಧ ಚಮಚ ತುಪ್ಪ ಸಾಕು, ಇಲ್ಲವೇ ಮೇಲೆ ಒಂದಿಷ್ಟು ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಉದುರಿಸಿ. ಸಿಹಿ-ಖಾರ ಎರಡೂ ಸೇರಿ ರುಚಿಯೂ ಚೆನ್ನಾಗಿರುತ್ತದೆ.

ಸಿಕ್ಕಿದ್ದು ಬಿಳಿ ಗೆಣಸೇ ಆದರೆ ಬೇಜಾರು ಬೇಡ. ವಿಟಮಿನ್ ಎಗೆ ಗಜ್ಜರಿ, ನುಗ್ಗೆ ಸೊಪ್ಪು, ಮೆಂತ್ಯ ಪಲ್ಯ, ರಾಜಗಿರಿ, ಪಪ್ಪಾಯಿ ಇವೆಯಲ್ಲ. ಅವನ್ನು ಬಿಡದೆ ತಿಂದರಾಯಿತು.

ಹೆಜ್ಜೆ 2: ಎರಡನ್ನೂ ಒಂದೇ ತೂಕದಲ್ಲಿ ಇಟ್ಟು ನೋಡಿ

ಒಂದು ದೊಡ್ಡ ಗೆಣಸಿನ ಪಕ್ಕ ಒಂದು ಸಣ್ಣ ಆಲೂಗಡ್ಡೆ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಅಂಗಡಿಯಲ್ಲೇ ಒಂದೊಂದು ಗಡ್ಡೆ ತೂಗಿಸಿ ನೋಡಿ. ಒಮ್ಮೆ ಕಣ್ಣಳತೆ ಬಂದರೆ ಸಾಕು.

ಹಸಿ ಗಡ್ಡೆಯ 100 ಗ್ರಾಂ ಲೆಕ್ಕ ಹಿಡಿಯೋಣ. ಗೆಣಸಿನಲ್ಲಿ ಸುಮಾರು 86 ಕ್ಯಾಲರಿ, ಆಲೂಗಡ್ಡೆಯಲ್ಲಿ 77. ಕಾರ್ಬೋಹೈಡ್ರೇಟ್ ಗೆಣಸಿನಲ್ಲಿ 20 ಗ್ರಾಂ, ಆಲೂಗಡ್ಡೆಯಲ್ಲಿ 17ರಿಂದ 18. ನಾರು ಗೆಣಸಿನಲ್ಲಿ 3 ಗ್ರಾಂ, ಆಲೂಗಡ್ಡೆಯಲ್ಲಿ 2. ಪ್ರೊಟೀನ್ ಎರಡರಲ್ಲೂ ಕಡಿಮೆಯೇ. ಆಲೂಗಡ್ಡೆಯಲ್ಲಿ 2 ಗ್ರಾಂ, ಗೆಣಸಿನಲ್ಲಿ ಒಂದೂವರೆ ಗ್ರಾಂ ಚಿಲ್ಲರೆ. ಸಿಹಿಯ ಅಂಶ ಗೆಣಸಿನಲ್ಲಿ 4 ಗ್ರಾಂ ದಾಟುತ್ತದೆ, ಆಲೂಗಡ್ಡೆಯಲ್ಲಿ 1 ಗ್ರಾಂ ಕೂಡ ಇಲ್ಲ. ತಳಿ, ಮಣ್ಣು, ಎಷ್ಟು ದಿನ ಇಟ್ಟದ್ದು ಅನ್ನುವುದರ ಮೇಲೆ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ.

ನೋಡಿದಿರಾ, ಕ್ಯಾಲರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ತೂಕ ಇಳಿಸಲು ಆಲೂಗಡ್ಡೆ ಬಿಟ್ಟು ಅಷ್ಟೇ ಗೆಣಸು ತಿಂದರೆ ಏನೂ ಉಳಿತಾಯ ಆಗುವುದಿಲ್ಲ.

ಆಲೂಗಡ್ಡೆಗೆ ಸಿಗಬೇಕಾದ ಗೌರವ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ವಿಟಮಿನ್ ಸಿ ಇದೆ. ಸಿಪ್ಪೆ ಸಮೇತ ಕುದಿಸಿದ 150 ಗ್ರಾಂ ಆಲೂಗಡ್ಡೆಯಿಂದ ಸುಮಾರು 20 ಮಿಲಿಗ್ರಾಂ ಬರುತ್ತದೆ. ಹೆಂಗಸರಿಗೆ ದಿನಕ್ಕೆ ಬೇಕಾದ 65 ಮಿಲಿಗ್ರಾಂನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ. ಪೊಟ್ಯಾಶಿಯಮ್ ಕೂಡ ಚೆನ್ನಾಗಿದೆ. ಹೊಟ್ಟೆ ತುಂಬಿಸುವುದರಲ್ಲಂತೂ ಕುದಿಸಿದ ಆಲೂಗಡ್ಡೆ ಬಹಳ ಮುಂದು. 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 38 ಬಗೆಯ ತಿನಿಸುಗಳನ್ನು ಒಂದೇ ಕ್ಯಾಲರಿಯಷ್ಟು ಕೊಟ್ಟು, ತಿಂದ ಮೇಲೆ ಹೊಟ್ಟೆ ಎಷ್ಟು ತುಂಬಿದಂತೆ ಅನ್ನಿಸುತ್ತದೆ ಅಂತ ಕೇಳಿದ್ದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂದರೆ ಕುದಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಮೇಲೆ. ಆಲೂಗಡ್ಡೆಯ ಹೆಸರು ಕೆಟ್ಟಿರುವುದು ಎಣ್ಣೆಯಿಂದ.

ಹೆಜ್ಜೆ 3: ಹೇಗೆ ಬೇಯಿಸುತ್ತೀರಿ ಅಂತ ಬರೆದಿಟ್ಟುಕೊಳ್ಳಿ

ಇಡೀ ಹೋಲಿಕೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲಿ. ಅದೇ ಗಡ್ಡೆ, ಅದೇ ತೂಕ, ಬೇಯಿಸುವ ರೀತಿ ಬದಲಾದರೆ ದೇಹದೊಳಗೆ ಅದು ಮಾಡುವ ಕೆಲಸವೇ ಬದಲಾಗುತ್ತದೆ.

ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವುದಕ್ಕೆ ಗ್ಲೈಸಿಮಿಕ್ ಇಂಡೆಕ್ಸ್ ಅಂತ ಒಂದು ಅಳತೆ ಇದೆ. ಗ್ಲುಕೋಸ್‌ಗೆ 100. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕುದಿಸಿದ ಆಲೂಗಡ್ಡೆಗೆ ಸರಾಸರಿ 78, ಕುದಿಸಿದ ಗೆಣಸಿಗೆ 63, ಬಿಳಿ ಅನ್ನಕ್ಕೆ 73. ಅಂದರೆ ನೀರಲ್ಲಿ ಕುದಿಸಿದರೆ ಗೆಣಸು ಮೇಲು. "ಗೆಣಸು ಒಳ್ಳೇದು" ಅನ್ನುವ ಮಾತು ನಿಜವಾಗುವುದು ಇಲ್ಲಿ.

ಈಗ ಅದೇ ಗೆಣಸನ್ನು ಹೊಲದಲ್ಲಿ ಕೆಂಡದ ಬೂದಿಯಲ್ಲಿ ಹುಗಿದು ಸುಟ್ಟರೆ? ಅದರ ರುಚಿ ತಿಂದವರಿಗೇ ಗೊತ್ತು, ಪಾಕ ಒಸರುವಷ್ಟು ಸಿಹಿ. ಆ ಸಿಹಿ ಹೊರಗಿನಿಂದ ಬಂದದ್ದಲ್ಲ. ಗೆಣಸಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಇದೆ. ನಿಧಾನವಾಗಿ ಬಿಸಿ ಏರುವಾಗ ಅದು ಚುರುಕಾಗಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಮಾಡುತ್ತದೆ. ಮೆಲ್ಲಗೆ ಸುಟ್ಟಷ್ಟೂ ಅದಕ್ಕೆ ಸಮಯ ಜಾಸ್ತಿ. ಸುಟ್ಟ ಗೆಣಸಿನ ಗ್ಲೈಸಿಮಿಕ್ ಇಂಡೆಕ್ಸ್ 80 ದಾಟಿದ್ದೂ ಪರೀಕ್ಷೆಗಳಲ್ಲಿ ಕಂಡಿದೆ. ಶುಗರ್ ಇದ್ದವರು ಸುಟ್ಟ ಗೆಣಸನ್ನು ರುಚಿಗೆ ಎರಡು ತುಂಡು ತಿನ್ನಲಿ. ಊಟದಷ್ಟು ಬೇಡ.

ಗೆಣಸಿನ ಹೋಳಿಗೆ, ಬೆಲ್ಲ ಹಾಕಿ ಕುದಿಸಿದ ಗೆಣಸು, ಇವು ಹಬ್ಬದ ಸಿಹಿ. ಅವನ್ನು ಸಿಹಿಯ ಲೆಕ್ಕಕ್ಕೇ ಹಾಕಿ. ಒಳಗೆ ಗೆಣಸಿದೆ ಅಂತ ರಿಯಾಯಿತಿ ಕೊಡಬೇಡಿ.

ಆಲೂಗಡ್ಡೆಯನ್ನು ನಯವಾಗಿ ಜಜ್ಜಿದರೆ ಅದು ಇನ್ನೂ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ. ತುಂಡು ತುಂಡಾಗಿ ಇಟ್ಟ ಪಲ್ಯ ಅದಕ್ಕಿಂತ ವಾಸಿ. ಕುದಿಸಿ ಫ್ರಿಜ್‌ನಲ್ಲಿ ತಣ್ಣಗೆ ಮಾಡಿದರೆ ಪಿಷ್ಟದ ಒಂದು ಪಾಲು ಗಟ್ಟಿಯಾಗಿ, ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಮತ್ತೆ ಬಿಸಿ ಮಾಡಿದರೂ ಆ ಗುಣ ಸ್ವಲ್ಪ ಉಳಿಯುತ್ತದೆ. ಲಾಭ ದೊಡ್ಡದೇನಲ್ಲ, ಆದರೂ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕುದಿಸಿದ ಆಲೂಗಡ್ಡೆಯನ್ನು ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡಬೇಡಿ. ಆರಿದ ಕೂಡಲೇ ಮುಚ್ಚಿ ಫ್ರಿಜ್‌ಗೆ ಇಡಿ. ಫ್ರಿಜ್ ಇಲ್ಲದಿದ್ದರೆ ಈ ಪ್ರಯತ್ನವೇ ಬೇಡ.

ಎಣ್ಣೆಯ ವಿಷಯ ಚಿಕ್ಕದು. ಎರಡೂ ಗಡ್ಡೆಗಳಲ್ಲಿ ಮುಕ್ಕಾಲು ಪಾಲು ನೀರೇ. ಚಿಪ್ಸ್ ಮಾಡುವಾಗ ಆ ನೀರು ಹೋಗಿ ಎಣ್ಣೆ ಒಳಗೆ ಬರುತ್ತದೆ. 100 ಗ್ರಾಂ ಚಿಪ್ಸ್‌ಗೆ 500ಕ್ಕೂ ಹೆಚ್ಚು ಕ್ಯಾಲರಿ ಆಗುವುದು ಹೀಗೆ. ಗೆಣಸಿನ ಚಿಪ್ಸ್ ಆದರೂ ಕಥೆ ಅದೇ.

ಮನೆಯಲ್ಲಿ ನಾನು ಎಲ್ಲರಿಗೂ ಹೇಳುವ ರೀತಿ ಇದು: ಮಣ್ಣು ಹೋಗುವಂತೆ ತಿಕ್ಕಿ ತೊಳೆಯಿರಿ. ಸಿಪ್ಪೆ ಸಮೇತ, ಇಡಿಯಾಗಿ, ಸ್ವಲ್ಪ ನೀರಲ್ಲಿ ಕುದಿಸಿ. ಚಾಕು ಸಲೀಸಾಗಿ ಇಳಿದರೆ ಬೆಂದಿದೆ ಅಂತ ಅರ್ಥ, ಕರಗುವ ತನಕ ಬಿಡಬೇಡಿ. ಮೊದಲೇ ಹೆಚ್ಚಿ ನೀರಲ್ಲಿ ಹಾಕಿದರೆ ವಿಟಮಿನ್ ಸಿ, ಪೊಟ್ಯಾಶಿಯಮ್ ನೀರಿಗೆ ಇಳಿದು ಹೋಗುತ್ತವೆ. ಗೆಣಸಿನ ಸಿಪ್ಪೆ ತೆಳ್ಳಗೆ, ಶುಚಿಯಾಗಿದ್ದರೆ ತಿನ್ನಬಹುದು. ನಾರು ಜಾಸ್ತಿ ಸಿಗುತ್ತದೆ.

ಹೆಜ್ಜೆ 4: ರೊಟ್ಟಿಯ ಲೆಕ್ಕಕ್ಕೆ ತನ್ನಿ

ಗಡ್ಡೆಯನ್ನು ತರಕಾರಿ ಅಂತ ಎಣಿಸುವುದು ನಮ್ಮ ಅಭ್ಯಾಸ. ಪೋಷಣೆಯ ಲೆಕ್ಕದಲ್ಲಿ ಅದು ರೊಟ್ಟಿ, ಅನ್ನದ ಸಾಲಿನದು. ಈ ಒಂದು ಮಾತು ಹಿಡಿದುಕೊಂಡರೆ ಅರ್ಧ ಗೊಂದಲ ಕರಗುತ್ತದೆ.

50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಕುದಿಸಿದ 150 ಗ್ರಾಂ ಆಲೂಗಡ್ಡೆಯಲ್ಲಿ 30 ಗ್ರಾಂ, ಅಷ್ಟೇ ಗೆಣಸಿನಲ್ಲಿ 27 ಗ್ರಾಂ. ಅಂದರೆ ಒಂದು ಮಧ್ಯಮ ಗೆಣಸು ತಿಂದಿರಿ ಅಂದರೆ ಹತ್ತಿರಹತ್ತಿರ ಒಂದು ರೊಟ್ಟಿ ತಿಂದ ಹಾಗೆ. ಎರಡು ರೊಟ್ಟಿ, ಆಲೂಗಡ್ಡೆ ಪಲ್ಯ, ಮೇಲೆ ಅನ್ನ ಅಂದರೆ ಮೂರು ಕಡೆಯಿಂದ ಪಿಷ್ಟವೇ ಬಂತು.

ಆಲೂಗಡ್ಡೆ ಪಲ್ಯ ಮಾಡಿದ ದಿನ ಅನ್ನ ಬಿಡಿ, ಇಲ್ಲವೇ ಒಂದು ರೊಟ್ಟಿ ಕಡಿಮೆ ಮಾಡಿ. ಜಾಗ ಖಾಲಿಯಾಯಿತಲ್ಲ, ಅಲ್ಲಿಗೆ ಗಟ್ಟಿ ತೊಗರಿಬೇಳೆ, ಪುಂಡಿ ಪಲ್ಯ, ಮೊಸರು ಬರಲಿ. ನಮ್ಮ ತೊಗರಿಬೇಳೆಯಲ್ಲಿ 100 ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಇದೆ. ಎರಡೂ ಗಡ್ಡೆಗಳ ಕೊರತೆಯನ್ನು ಅದು ತುಂಬುತ್ತದೆ. ಬೇಳೆ, ಪಲ್ಯ, ಮೊಸರು ಜತೆಗಿದ್ದರೆ ಸಕ್ಕರೆ ರಕ್ತಕ್ಕೆ ಸೇರುವುದೂ ನಿಧಾನವಾಗುತ್ತದೆ.

ಇನ್ನೊಂದು ಮಾತು. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೊಟೀನ್ ಇದೆ. "ಡಯಟ್" ಅಂತ ರೊಟ್ಟಿ ಪೂರ್ತಿ ಬಿಟ್ಟು ಗೆಣಸು ತಿನ್ನುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೈಯಲ್ಲಿದ್ದ ಒಳ್ಳೆಯದನ್ನು ಕೊಟ್ಟು ಅದಕ್ಕಿಂತ ಕಡಿಮೆಯದನ್ನು ತಂದಂತೆ ಅಲ್ವಾ ಅದು?

ಹೆಜ್ಜೆ 5: ಶುಗರ್ ಇದ್ದರೆ ನಿಮ್ಮ ರಕ್ತವನ್ನೇ ಕೇಳಿ

ಪಟ್ಟಿಯ ಅಂಕಿ ಸರಾಸರಿ. ನಿಮ್ಮ ದೇಹದ ಉತ್ತರ ಬೇರೆ ಇರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಹೀಗೆ ಮಾಡಿ.

ಒಂದು ದಿನ ಬೆಳಗಿನ ನಾಷ್ಟಾಕ್ಕೆ ಕುದಿಸಿದ ಗೆಣಸು 150 ಗ್ರಾಂ ತೂಗಿಟ್ಟುಕೊಳ್ಳಿ. ತಿನ್ನುವ ಮೊದಲು ಒಮ್ಮೆ, ತಿನ್ನಲು ಶುರು ಮಾಡಿದ ಎರಡು ಗಂಟೆಗೆ ಇನ್ನೊಮ್ಮೆ ಶುಗರ್ ನೋಡಿ ಬರೆದಿಡಿ. ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಅಷ್ಟೇ ತೂಕದ ಆಲೂಗಡ್ಡೆ. ಚಹಾ ಕುಡಿಯುವುದಾದರೆ ಎರಡೂ ದಿನ ಒಂದೇ ರೀತಿ ಕುಡಿಯಿರಿ. ಒಂದು ದಿನ ವಾಕಿಂಗ್ ಮಾಡಿ, ಇನ್ನೊಂದು ದಿನ ಸುಮ್ನೆ ಕೂತರೆ ಹೋಲಿಕೆ ಕೆಡುತ್ತದೆ. ಮಾತ್ರೆ, ಇನ್ಸುಲಿನ್ ಎಂದಿನಂತೆಯೇ ಇರಲಿ. ಏರಿಕೆ ಯಾವುದಕ್ಕೆ ಕಡಿಮೆ ಬಂತೋ ಅದು ನಿಮಗೆ ಸರಿ. ಆ ಚೀಟಿಯನ್ನು ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ತೋರಿಸಿ.

ಉಪವಾಸದ ದಿನದ ಬಗ್ಗೆ ಬೇರೆಯಾಗಿ ಹೇಳಬೇಕು. ಬೆಳಗ್ಗೆಯಿಂದ ಖಾಲಿ ಹೊಟ್ಟೆ, ಸಂಜೆಗೆ ಸಾಬೂದಾಣಿ, ಆಲೂಗಡ್ಡೆ, ಗೆಣಸು, ಖರ್ಜೂರ, ಬಾಳೆಹಣ್ಣು ಎಲ್ಲ ಒಟ್ಟಿಗೆ. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಹಗಲಲ್ಲಿ ಇಳಿತ, ರಾತ್ರಿ ಏರಿಕೆ. ಉಪವಾಸ ಮಾಡುವ ಮೊದಲೇ ಡಾಕ್ಟರ್ ಹತ್ತಿರ ಔಷಧದ ಮಾತಾಡಿ. ಸಂಜೆಗೆ ಕುದಿಸಿದ ಒಂದು ಗೆಣಸು, ಒಂದು ಹಿಡಿ ಕುದಿಸಿದ ಶೇಂಗಾ, ಒಂದು ಬಟ್ಟಲು ಮೊಸರು ಸಾಕು. ಗೆಣಸು ತಿಂದ ದಿನ ಸಾಬೂದಾಣಿ ಬೇಡ. ಅದರಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನೂ ಇಲ್ಲ.

ಹೆಜ್ಜೆ 6: ತಿನ್ನುವವರು ಯಾರು ಅಂತ ನೋಡಿ ಕೊಡಿ

ಆರು ತಿಂಗಳು ದಾಟಿದ ಕೂಸಿಗೆ ಎರಡೂ ಒಳ್ಳೆಯವು. ಚೆನ್ನಾಗಿ ಜಜ್ಜಿ, ತೊಗರಿಬೇಳೆಯ ಕಟ್ಟು, ಒಂದು ಹನಿ ತುಪ್ಪ ಹಾಕಿ ತಿನ್ನಿಸಿ. ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು.

ಬಿಸಿಲಲ್ಲಿ ದುಡಿಯುವವರಿಗೆ ಯಾವುದಾದರೂ ಸರಿ. ಅವರಿಗೆ ಶಕ್ತಿ ಬೇಕು, ಎರಡೂ ಕೊಡುತ್ತವೆ.

ಕಿಡ್ನಿ ಕೆಲಸ ಕಡಿಮೆಯಾದವರಿಗೆ ಮಾತ್ರ ಎರಡೂ ಜೋಪಾನ. ಪೊಟ್ಯಾಶಿಯಮ್ ಅವರ ರಕ್ತದಲ್ಲಿ ಉಳಿದು ಹೃದಯಕ್ಕೆ ತೊಂದರೆ ಮಾಡಬಹುದು. ಡಾಕ್ಟರ್ ಒಪ್ಪಿದರೆ ಮೇಲೆ ಹೇಳಿದ್ದಕ್ಕೆ ಉಲ್ಟಾ ಮಾಡಿ: ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಕುದಿಸಿ, ನೀರು ಚೆಲ್ಲಿ. ಕಿಡ್ನಿ ಸ್ಟೋನ್ ಆಗುವವರಿಗೂ ಇದೇ ರೀತಿ ಒಳ್ಳೆಯದು. ಎರಡರಲ್ಲೂ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಇದೆ, ಅದರಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ನಮ್ಮ ಬಿಸಿಲಿಗೆ ನೀರು ಜಾಸ್ತಿ ಕುಡಿಯುವುದು ಅದಕ್ಕಿಂತ ಮುಖ್ಯ.

ಹೆಜ್ಜೆ 7: ಆರಿಸಿ ತನ್ನಿ, ಸರಿಯಾಗಿ ಇಡಿ

ಆಲೂಗಡ್ಡೆಯಲ್ಲಿ ಹಸಿರು ಬಣ್ಣ ಕಂಡರೆ ತರಬೇಡಿ. ಬೆಳಕು ಬಿದ್ದಾಗ ಹಸಿರಿನ ಜತೆ ಸೋಲನಿನ್ ಎಂಬ ವಿಷವೂ ಹೆಚ್ಚುತ್ತದೆ. ಅದು ಕುದಿಸಿದರೂ ಹೋಗುವುದಿಲ್ಲ. ಸ್ವಲ್ಪವೇ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೊಯ್ದು ಎಸೆಯಿರಿ. ಬಹಳ ಮೊಳಕೆ ಬಂದು ಮೆತ್ತಗಾಗಿದ್ದರೆ, ತಿಂದಾಗ ಕಹಿ ಅನ್ನಿಸಿದರೆ ಪೂರ್ತಿ ಬಿಡಿ. ಗೆಣಸಿನ ಮೊಳಕೆಗೆ ಈ ಭಯ ಇಲ್ಲ. ಗೆಣಸಿನ ಬಳ್ಳಿಯ ಎಲೆಯನ್ನು ಪಲ್ಯ ಮಾಡಿಯೂ ತಿನ್ನಬಹುದು. ಆಲೂಗಡ್ಡೆಯ ಎಲೆ ಮಾತ್ರ ವಿಷ, ಮುಟ್ಟಬೇಡಿ. ಎರಡೂ ನೆಲದೊಳಗೆ ಬೆಳೆದರೂ ಬಳಗ ಬೇರೆ. ಆಲೂಗಡ್ಡೆ ಬದನೆ, ಟೊಮೆಟೊ ಕುಟುಂಬದ್ದು, ಗೆಣಸು ಬೇರೊಂದು ಬಳ್ಳಿಯ ಬೇರು.

ಎರಡನ್ನೂ ಹಸಿಯಾಗಿ ಫ್ರಿಜ್‌ನಲ್ಲಿ ಇಡಬೇಡಿ. ಚಳಿಗೆ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ. ಗೆಣಸಿನ ನಡುಭಾಗ ಗಟ್ಟಿಯಾಗಿ, ಎಷ್ಟು ಕುದಿಸಿದರೂ ಬೇಯುವುದಿಲ್ಲ. ಗಾಳಿಯಾಡುವ ಬುಟ್ಟಿಯಲ್ಲಿ, ಕತ್ತಲಿರುವ ತಂಪು ಮೂಲೆಯಲ್ಲಿ, ಉಳ್ಳಾಗಡ್ಡಿಯಿಂದ ದೂರ ಇಡಿ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ತಂಪು ಮೂಲೆ ಸಿಗುವುದೇ ಕಷ್ಟ. ಅದಕ್ಕೆ ಹತ್ತು ಕಿಲೋ ಚೀಲ ಬೇಡ, ವಾರಕ್ಕೆ ಸಾಕಾಗುವಷ್ಟೇ ತನ್ನಿ.

ಗೆಣಸಿನಲ್ಲಿ ಸಣ್ಣ ತೂತು, ಕಪ್ಪು ಕಲೆ, ಕಹಿ ವಾಸನೆ ಇದ್ದರೆ ಹುಳು ಇಲ್ಲವೇ ಬೂಸ್ಟು ಹತ್ತಿದೆ ಅಂತ ತಿಳಿಯಿರಿ. ಹುಳು ಕೊರೆದಾಗ ಗಡ್ಡೆ ತನ್ನನ್ನು ಉಳಿಸಿಕೊಳ್ಳಲು ಕಹಿ ವಿಷ ಮಾಡಿಕೊಳ್ಳುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥ ಗೆಣಸನ್ನು ದನದ ಮುಂದೆ ಹಾಕುವ ರೂಢಿ ಹಳ್ಳಿಗಳಲ್ಲಿದೆ. ದಯವಿಟ್ಟು ಹಾಕಬೇಡಿ. ಬೂಸ್ಟು ಹಿಡಿದ ಗೆಣಸು ತಿಂದ ದನಗಳಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗುತ್ತದೆ, ಸಾಯುವುದೂ ಉಂಟು. ಕೆಟ್ಟ ಗೆಣಸನ್ನು ದನಗಳ ಬಾಯಿಗೆ ಸಿಗದಂತೆ ಆಳವಾಗಿ ಹುಗಿದುಬಿಡಿ.